ನೆತ್ತರುಗೊಡಗೆಯಿಂದ ಗುಣಕದವರೆಗೆ

ಕಿಗ್ಗದ ಋಷ್ಯಶೃಂಗೇಶ್ವರನನ್ನು ಮಲೆನಾಡಿನವರು ಮಳೆಯ ದೇವರೆಂದು ನಂಬಿದ್ದಾರೆ. ಮಳೆ ಬಾರದಿದ್ದರೆ ಬರಲಿ ಎಂದೂ, ಅತಿಯಾದರೆ ನಿಲ್ಲಲಿ ಎಂದೂ ಜನರು ಶೃಂಗೇರಿಯಿಂದ ಸುಮಾರು ಹತ್ತು ಕಿಲೋಮೀಟರು ಕಾಡುದಾರಿ ಹಿಡಿದು ಆ ಗುಡಿಗೆ ಹೋಗಿ ಪೂಜೆ ಮಾಡಿಸುವುದುಂಟು. ಆ ಋಷಿಯ ಕಥೆ ವಾಚಕರಿಗೆ ಗೊತ್ತಿರತಕ್ಕದ್ದೇ. ಅಂಗದೇಶಕ್ಕೆ ಬರಗಾಲ ಬಂದಾಗ ಅಲ್ಲಿನ ರಾಜನಾದ ಲೋಮಪಾದನು, ಹೆಣ್ಣೆಂಬುದನ್ನೇ ಕಂಡರಿಯದ ಈ ಮುನಿಕುಮಾರನನ್ನು ಉಪಾಯದಿಂದ ಕರೆತರಿಸಿದ, ಮಳೆ ಬಂತು, ಶಾಂತೆಯೊಡನೆ ಮದುವೆಯೂ ಆಯಿತು. ನಾವು ಸಾಮಾನ್ಯವಾಗಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತೇವೆ. ಮಹಾಭಾರತ ಅಲ್ಲಿಗೆ ನಿಲ್ಲಿಸುವುದಿಲ್ಲ. ಮಗನನ್ನು ಕಳೆದುಕೊಂಡ ವಿಭಾಂಡಕನ ಪಾಡೇನು? ಆತ ಹಣ್ಣು ಹಂಪಲು ಆಯ್ದುಕೊಂಡು ಆಶ್ರಮಕ್ಕೆ ಬಂದು ನೋಡಿದರೆ ಮಗನಿಲ್ಲ. ರಾಜನನ್ನೂ ರಾಜ್ಯವನ್ನೂ ಸುಟ್ಟುಬಿಡುತ್ತೇನೆಂದು ಕೋಪದಿಂದ ಹೊರಟ. ಲೋಮಪಾದ ಇದನ್ನು ಮೊದಲೇ ಎಣಿಸಿದ್ದನು. ದಾರಿಯುದ್ದಕ್ಕೂ ಗೋವುಗಳ ಹಟ್ಟಿಗಳನ್ನು ಇರಿಸಿದ್ದನು. ಮುನಿ ಹಸಿದು ಬಳಲಿ ಒಂದು ಹಟ್ಟಿಗೆ ಬಂದು ಇದು ಯಾರದೆಂದು ಕೇಳಿದರೆ, ಗೊಲ್ಲರು ಕೈಮುಗಿದು, ಇದೆಲ್ಲ ತಮ್ಮ ಮಗನದೇ ಸ್ವಾಮಿ ಎಂದರು. ಮುಂದಿನ ಹಟ್ಟಿಯಲ್ಲಿಯೂ ಅದೇ ಉತ್ತರ. ಹೀಗೆ ಹಟ್ಟಿಯಿಂದ ಹಟ್ಟಿಗೆ ಮುನಿಯ ಕೋಪ ಇಳಿಯುತ್ತ ಬಂದು, ಅರಮನೆ ಮುಟ್ಟುವ ಹೊತ್ತಿಗೆ ಆಶೀರ್ವಾದ ಮಾಡುವಷ್ಟಾಯಿತು.

ನನ್ನ ವಕೀಲಮಿತ್ರರೊಬ್ಬರಿಗೆ ಈ ಪ್ರಸಂಗವನ್ನು ಹೇಳಿದಾಗ ಅವರು ನಕ್ಕು, “ಇದು ಲೋಕ ಅದಾಲತ್ತಿನ ರಾಜಿಯಲ್ಲದೆ ಮತ್ತೇನು?” ಎಂದರು. ರಾಜಿಯೇ ಹೌದು. ಆದರೆ ಅಲ್ಲಿ ಹಟ್ಟಿಗಳು ಎಷ್ಟಿರಬೇಕೆಂದು ನಿಶ್ಚಯಿಸಿದವರು ಯಾರು? ಯಾವ ಲೆಕ್ಕದ ಮೇಲೆ? ತಂದೆಯ ದುಃಖದ ಅಳತೆಯ ಮೇಲೋ, ಮಗನ ಯೋಗ್ಯತೆಯ ಮೇಲೋ, ಅಥವಾ ಮುನಿಯ ಶಾಪದ ಭಯದ ಮೇಲೋ? ಮನುಷ್ಯನ ದೇಹಕ್ಕೆ, ಪ್ರಾಣಕ್ಕೆ ಆದ ನಷ್ಟವನ್ನು ಹಣದಲ್ಲಿಯೋ ಹೊಲದಲ್ಲಿಯೋ ಅಳೆಯಹೊರಟವರೆಲ್ಲರೂ ಈ ಮೂರರಲ್ಲಿ ಒಂದನ್ನು ಹಿಡಿದಿದ್ದಾರೆಂದು ನನಗೆ ತೋರುತ್ತದೆ.

ಮೊದಲು ‘ಪರಿಹಾರ’ ಎಂಬ ಮಾತನ್ನೇ ನೋಡೋಣ. ಇಂದು ಪತ್ರಿಕೆಯಲ್ಲಿ ಈ ಮಾತು ಕಂಡರೆ ಅಪಘಾತದ ಹಣವೆಂದೇ ಓದುತ್ತೇವೆ. ನಮ್ಮ ಶಾಸನಗಳಲ್ಲಿ ಅದಕ್ಕೆ ಆ ಅರ್ಥವಿಲ್ಲ. ‘ಸರ್ವಬಾಧಾಪರಿಹಾರ’ವಾಗಿ ಬಿಟ್ಟ ಭೂಮಿಯೆಂದರೆ ತೆರಿಗೆ, ಬಿಟ್ಟಿ ಮೊದಲಾದ ಎಲ್ಲ ಕಾಟಗಳನ್ನು ತೆಗೆದು ಕೊಟ್ಟ ಭೂಮಿ. ಪರಿಹಾರವೆಂದರೆ ಬಿಡುಗಡೆ, ವಿನಾಯಿತಿ. ನಷ್ಟ ತುಂಬಿಕೊಡುವುದಕ್ಕೆ ಹಳಗನ್ನಡದವರು ಬೇರೆ ಮಾತುಗಳನ್ನು ಇಟ್ಟುಕೊಂಡಿದ್ದರು, ಮತ್ತು ಅವು ಇನ್ನೂ ನೇರವಾದವು: ನೆತ್ತರುಗೊಡಗೆ, ಬಾಳ್ಗಳ್ಚು, ಕಲ್ನಾಡು. ನೆತ್ತರುಗೊಡಗೆ ಎಂದರೆ ನೆತ್ತರು ಸುರಿಸಿದ್ದಕ್ಕಾಗಿ ಕೊಟ್ಟ ಕೊಡುಗೆ. ತಮಿಳುನಾಡಿನ ಶಾಸನಗಳ ‘ಉದಿರಪ್ಪಟ್ಟಿ’ಯೂ ಇದೇ, ಅಲ್ಲಿನ ‘ಉದಿರ’ವು ರುಧಿರವಲ್ಲದೆ ಬೇರೆಯಲ್ಲ. ಬಾಳ್ಗಳ್ಚು ಎಂದರೆ ಬಾಳನ್ನು, ಅಂದರೆ ಕತ್ತಿಯನ್ನು, ಕಳಚುವುದು, ತೊಳೆಯುವುದು. ಯುದ್ಧ ಮುಗಿದ ಮೇಲೆ ಕತ್ತಿಯ ರಕ್ತವನ್ನು ತೊಳೆದು ಕೊಡುವ ಭೂಮಿ. ಸತ್ತವನಿಗಾಗಿ ಕೊಟ್ಟದ್ದೂ ಉಂಟು, ಬದುಕಿ ಬಂದವನಿಗೆ ಕೊಟ್ಟದ್ದೂ ಉಂಟು.

ಕನ್ನಡದ ಅತ್ಯಂತ ಪ್ರಾಚೀನ ಶಾಸನಗಳಲ್ಲಿ ಒಂದೆಂದು ನಾವು ಹೆಮ್ಮೆಯಿಂದ ತೋರಿಸುವ, ಸುಮಾರು ಕ್ರಿ. ಶ. 450ರ ಹಲ್ಮಿಡಿಯ ಶಾಸನವನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳ ಗಮನ ಭಾಷೆಯ ಮೇಲೆ, ವಿಭಕ್ತಿಯ ಮೇಲೆ, ಪರೀಕ್ಷೆಯ ಪ್ರಶ್ನೆಯ ಮೇಲೆ. ಆದರೆ ಆ ಕಲ್ಲು ಹೇಳುವ ಸಂಗತಿ ಏನು? ವಿಜ ಅರಸನೆಂಬ ವೀರನಿಗೆ ಯುದ್ಧದ ಸಾಹಸಕ್ಕಾಗಿ ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟರು ಎಂಬುದು. ಕನ್ನಡ ಗದ್ಯವು ನಮ್ಮ ಕಣ್ಣಿಗೆ ಮೊದಲು ಬೀಳುವುದೇ ಚೆಲ್ಲಿದ ರಕ್ತಕ್ಕೆ ಎಷ್ಟು ಭೂಮಿ ಎಂಬ ಲೆಕ್ಕದ ಪತ್ರವಾಗಿ ಎನ್ನಬಹುದು.

ಬೆಂಗಳೂರಿನವರಿಗೆ ಇನ್ನೂ ಹತ್ತಿರದ ನಿದರ್ಶನ ಬೇಗೂರಿನ ಕಲ್ಲು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎಱೆಯಪ್ಪನ ಕಾಲದಲ್ಲಿ, ಒಂಬತ್ತು-ಹತ್ತನೆಯ ಶತಮಾನದ ಸಂಧಿಯಲ್ಲಿ, ನಾಗತ್ತರನೆಂಬ ಸೇನಾನಿ ತುಂಬೆಪಾಡಿಯ ಯುದ್ಧದಲ್ಲಿ ಆನೆಗಳ ನಡುವೆ ಹೊಕ್ಕು ಸತ್ತ. ದೊರೆ ಏನು ಮಾಡಿದ? ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಸತ್ತವನ ಸ್ಥಾನವೂ ಪದವಿಯೂ ವರಮಾನವೂ ಒಟ್ಟಿಗೆ ಮುಂದಿನವನಿಗೆ ಹೋಯಿತು, ಮನೆ ಬರಿದಾಗಲಿಲ್ಲ. ಇಂದಿನ ನ್ಯಾಯಾಲಯಗಳು ‘ಅವಲಂಬಿತರ ನಷ್ಟ’ ಎಂದು ಕರೆಯುವುದನ್ನು ಗಂಗರ ದೊರೆ ತನ್ನದೇ ರೀತಿಯಲ್ಲಿ ತುಂಬಿಕೊಟ್ಟನು.

ಇದೇ ಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು ಇನ್ನೊಂದು ಸೋಜಿಗ. ಕ್ರಿ. ಶ. 949-50ರದು. ತಕ್ಕೋಲದಲ್ಲಿ ಚೋಳ ರಾಜಾದಿತ್ಯನು ಸತ್ತ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಏನು ಬೇಕೋ ಕೇಳು ಎಂದರೆ, ಆತ ಕಾಳಿ ಎಂಬ ನಾಯಿಯನ್ನು ಕೇಳಿದ. ಆ ನಾಯಿ ಕೆಲಲೆಯ ನಾಡಿನಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ನಾಯಿಯೂ ಹಂದಿಯೂ ಎರಡೂ ಸತ್ತವು. ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರನ ಎದುರಿಗೆ ಕಲ್ಲು ನಿಲ್ಲಿಸಿ ಎರಡು ಖಂಡುಗ ಭೂಮಿ ಬಿಟ್ಟರು. ಪೂಜೆ ನಡೆಸದ ಪೂಜಾರಿಗೆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದರು. ಮಣಲೇರನಿಗೆ ಸಿಕ್ಕಿದ್ದು ಆತಕೂರು ಹನ್ನೆರಡು ಮೊದಲಾದ ಊರುಗಳು, ಬಾಳ್ಗಚ್ಚಾಗಿ. ಒಂದೇ ಕಲ್ಲಿನಲ್ಲಿ ಸೇನಾನಿಗೆ ಹನ್ನೆರಡು ಹಳ್ಳಿ, ನಾಯಿಗೆ ಎರಡು ಖಂಡುಗ. ಹಾಗಾದರೆ ತುರುಗೊಳ್ಳುವವರನ್ನು ತಡೆಯಹೋಗಿ ಊರಬಾಗಿಲಲ್ಲಿ ಸತ್ತ ಒಕ್ಕಲಿಗನಿಗೆ ಎಷ್ಟು? ಅನೇಕ ವೀರಗಲ್ಲುಗಳಲ್ಲಿ ಅವನಿಗೆ ದೊರೆತದ್ದು ಕೆಲವು ಕೊಳಗ ಬಿತ್ತುವ ಗದ್ದೆ. ಎಷ್ಟೋ ಕಲ್ಲುಗಳಲ್ಲಿ ಗದ್ದೆಯ ಮಾತೇ ಇಲ್ಲ, ಸ್ವರ್ಗದ ಅಪ್ಸರೆಯರು ಮಾತ್ರ. ನಾಯಿಯ ಮೇಲಿನ ಅಕ್ಕರೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೆತ್ತರುಗೊಡಗೆಯ ಪ್ರಮಾಣವು ನೆತ್ತರಿನ ಮೇಲೆ ಅಲ್ಲ, ಕೊಡುವವನ ಔದಾರ್ಯದ ಮೇಲೆ ನಿಂತಿತ್ತೆಂಬುದು ಇದರಿಂದ ಕಾಣುತ್ತದೆ.

ಇನ್ನು ಕಿಗ್ಗದ ಗುಡಿಯ ಶಾಸನಗಳು. ಏಳು-ಎಂಟನೆಯ ಶತಮಾನದ ಆಳುಪ ಅರಸರವು. ಚಿತ್ರವಾಹನನ ಹೆಸರು ಬರುತ್ತದೆ. ಊರಿನ ಹೆಸರು ಆಗ ಕಿಲ್ಗಾಣ. ಅವು ದೇವರಿಗೆ ಬಿಟ್ಟ ದತ್ತಿಗಳು, ಗಾಯಗೊಂಡವರ ಸುದ್ದಿಯಲ್ಲ. ನಾನು ಅವುಗಳನ್ನು ಇಲ್ಲಿ ಎತ್ತಿದ್ದು ಕಾಲದ ಗುರುತಿಗಾಗಿ. ಕಿಗ್ಗದ ಕಲ್ಲಿನ ಮೇಲೆ ಅಕ್ಷರ ಕೊರೆಯುತ್ತಿದ್ದ ಅದೇ ಏಳನೆಯ ಶತಮಾನದ ಮೊದಲ ಭಾಗದಲ್ಲಿ, ದೂರದ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಏಥಲ್‌ಬರ್ಟ್ ಎಂಬ ರಾಜನು ಒಂದು ಕಟ್ಟಳೆಯನ್ನು ಬರೆಸಿದ್ದನು. ಇಂಗ್ಲಿಷಿನ ಅತ್ಯಂತ ಹಳೆಯ ಬರಹವೆಂದು ಅದಕ್ಕೆ ಪ್ರಸಿದ್ಧಿ. ಅದರ ಬಹುಭಾಗ ಅಂಗಾಂಗಗಳ ಬೆಲೆಪಟ್ಟಿ: ಹೆಬ್ಬೆರಳು ಹೋದರೆ 20 ಷಿಲ್ಲಿಂಗು, ನಡುಬೆರಳಿಗೆ 4, ಉಂಗುರದ ಬೆರಳಿಗೆ 6, ಕಿರುಬೆರಳಿಗೆ 11. ಕಣ್ಣಿಗೆ 50. ಅವರ ಭಾಷೆಯ ಹಳೆಯ ಬರಹವೂ ರಕ್ತದ ಲೆಕ್ಕ, ನಮ್ಮದೂ ರಕ್ತದ ಲೆಕ್ಕ! ಆದರೆ ವ್ಯತ್ಯಾಸ ದೊಡ್ಡದು. ನಮ್ಮವರು ಸಾಹಸವನ್ನು ಅಳೆದರು, ಅವರು ಅವಯವವನ್ನು ಅಳೆದರು. ಕಿರುಬೆರಳಿಗೆ ನಡುಬೆರಳಿಗಿಂತ ಹೆಚ್ಚು ಬೆಲೆ ಏಕೆಂಬುದನ್ನು ಕತ್ತಿ ಹಿಡಿದು ನೋಡಿದವರೇ ಹೇಳಬೇಕು.

ನಮ್ಮಲ್ಲಿ ಬದುಕಿ ಉಳಿದ ಗಾಯಾಳುವಿನ ಚಿಂತೆ ಮಾಡಿದವರು ಶಿಲ್ಪಿಗಳಲ್ಲ, ಧರ್ಮಶಾಸ್ತ್ರಕಾರರು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು, ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಆಸ್ತಿ ಪಾಲಿಗಾಗಿ ಜನ ಆ ಗ್ರಂಥವನ್ನು ನೆನೆಯುತ್ತಾರೆ. ಅದರ ದಂಡಪಾರುಷ್ಯ ಪ್ರಕರಣವನ್ನು, ಅಂದರೆ ಹೊಡೆದಾಟದ ಭಾಗವನ್ನು, ಓದುವವರು ಕಡಮೆ. ಕೋಲು ಮೊದಲಾದವುಗಳಿಂದ ರಕ್ತ ಬಾರದಂತೆ ನೋಯಿಸಿದರೆ 32 ಪಣ ದಂಡ, ರಕ್ತ ಕಂಡರೆ ಅದರ ಇಮ್ಮಡಿ. ಕೈ, ಕಾಲು, ಹಲ್ಲು ಮುರಿದರೆ, ಕಿವಿ ಮೂಗು ಕತ್ತರಿಸಿದರೆ ಮಧ್ಯಮ ದಂಡ. ಯಾಜ್ಞವಲ್ಕ್ಯನ ಪ್ರಕಾರ ಅದು 540 ಪಣ. ಈ ದಂಡವೆಲ್ಲ ರಾಜನ ಬೊಕ್ಕಸಕ್ಕೆ. ಹಾಗಾದರೆ ಕೈ ಮುರಿದವನಿಗೆ? ಅವನಿಗೆ ‘ಸಮುತ್ಥಾನವ್ಯಯ’. ಸಮುತ್ಥಾನವೆಂದರೆ ಏಳುವುದು. ಬಿದ್ದವನು ಮತ್ತೆ ಎದ್ದು ನಿಲ್ಲುವವರೆಗೆ ಮದ್ದಿಗೆ, ಪಥ್ಯಕ್ಕೆ ಆಗುವ ಖರ್ಚನ್ನು ಕೆಡಹಿದವನೇ ಕೊಡಬೇಕು. ಎಷ್ಟು ಒಳ್ಳೆಯ ಮಾತು! ‘ವೈದ್ಯಕೀಯ ವೆಚ್ಚ’ ಎಂಬ ಇಂದಿನ ಸಪ್ಪೆ ಮಾತಿನ ಎದುರಿಗೆ ಇದನ್ನು ಇಟ್ಟು ನೋಡಿ.

ಮಾತು ಒಳ್ಳೆಯದಾದರೂ ಪದ್ಧತಿಯ ಕುಂದನ್ನು ಮುಚ್ಚಿಡಬಾರದು. ಈ ದಂಡಗಳು ವರ್ಣಕ್ಕೆ ತಕ್ಕಂತೆ ಏರಿಳಿಯುತ್ತಿದ್ದವು. ಸ್ಮೃತಿಗಿಂತ ಹಿಂದಿನ ಧರ್ಮಸೂತ್ರಗಳಲ್ಲಿ ಕ್ಷತ್ರಿಯನನ್ನು ಕೊಂದರೆ ಸಾವಿರ ಗೋವು, ವೈಶ್ಯನಿಗೆ ನೂರು, ಶೂದ್ರನಿಗೆ ಹತ್ತು. ಶೃಂಗೇರಿ ಸೀಮೆಯವರು ನೆನೆಯಬೇಕಾದ ಇನ್ನೊಂದು ಹೆಸರು ಮಾಧವಾಚಾರ್ಯರದು. ಪರಾಶರಸ್ಮೃತಿಯಲ್ಲಿ ವ್ಯವಹಾರದ ಅಧ್ಯಾಯವೇ ಇಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಅದಕ್ಕೆ ಭಾಷ್ಯ ಬರೆದ ಮಾಧವರು ಒಂದು ವ್ಯವಹಾರಕಾಂಡವನ್ನೇ ರಚಿಸಿ ಸೇರಿಸಿದರು. ಆ ಮಾಧವರೂ ಶೃಂಗೇರಿಯ ವಿದ್ಯಾರಣ್ಯರೂ ಒಬ್ಬರೇ ಎಂಬುದು ಸಂಪ್ರದಾಯ, ವಿದ್ವಾಂಸರಲ್ಲಿ ವಿವಾದವಿದೆ. ಅದು ಇಲ್ಲಿ ಬೇಡ.

ಇಂಗ್ಲಿಷರು ತಂದ ಕಾನೂನು ಈ ವಿಷಯದಲ್ಲಿ ನಮ್ಮದಕ್ಕಿಂತ ಮುಂದಿತ್ತೆಂದು ತಿಳಿಯಬೇಕಾಗಿಲ್ಲ. ಒಬ್ಬನ ಕಾಲು ಮುರಿದರೆ ದಾವೆ ಹೂಡಬಹುದು, ಕೊಂದೇಬಿಟ್ಟರೆ ಅವನ ಹೆಂಡತಿ ಮಕ್ಕಳಿಗೆ ಏನೂ ಇಲ್ಲ ಎಂಬುದು 1846ರವರೆಗೆ ಅವರ ನಿಯಮ. ರೈಲು ಬಂದು ಸಾವುಗಳು ಹೆಚ್ಚಿದ ಮೇಲೆ ಕ್ಯಾಂಬೆಲ್ ಪ್ರಭುವಿನ ಕಾಯಿದೆ ಬಂತು. ಅದನ್ನೇ ನೋಡಿಕೊಂಡು ಇಂಡಿಯಾದಲ್ಲಿ 1855ರ ಮಾರಕ ಅಪಘಾತಗಳ ಕಾಯಿದೆ ಬಂತು. ಎಷ್ಟು ಕೊಡಬೇಕೆಂದು ಅದರಲ್ಲಿ ಹೇಳಿಲ್ಲ. ನಷ್ಟಕ್ಕೆ ತಕ್ಕಷ್ಟು ಎಂದು ಹೇಳಿ ನ್ಯಾಯಾಧೀಶರ ವಿವೇಕಕ್ಕೆ ಬಿಟ್ಟಿತು.

ಬೆಲೆಪಟ್ಟಿ ಮತ್ತೆ ಬಂದದ್ದು 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆಯಲ್ಲಿ. ಅದರ ಮೊದಲನೆಯ ಅನುಸೂಚಿಯನ್ನು ಓದಿದರೆ ಏಥಲ್‌ಬರ್ಟನ ಮೊಮ್ಮಗ ಬರೆದಂತಿದೆ. ತಿದ್ದುಪಡಿಗಳಾದ ಮೇಲಿನ ಪಟ್ಟಿಯ ಪ್ರಕಾರ ಹೆಬ್ಬೆರಳು ಹೋದರೆ ಸಂಪಾದನಾಶಕ್ತಿಯಲ್ಲಿ ಶೇಕಡ 30ರ ನಷ್ಟ, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರದ ಬೆರಳಿಗಾಗಲಿ ಕಿರುಬೆರಳಿಗಾಗಲಿ 7. ಎರಡು ಕೈಯೂ ಹೋದರೆ ನೂರಕ್ಕೆ ನೂರು. ಆಮೇಲೆ ಕೂಲಿಯ ಇಷ್ಟು ಭಾಗ, ವಯಸ್ಸಿಗೆ ಇಷ್ಟು ಎಂದು ಇನ್ನೊಂದು ಪಟ್ಟಿ. ಹದಿನಾರು ವರ್ಷದವರೆಗಿನವನಿಗೆ 228.54, ಅರವತ್ತೈದಕ್ಕೆ 99.37. ಈ ಕಾಯಿದೆ ಈಗ ಪ್ರತ್ಯೇಕವಾಗಿ ಉಳಿದಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿ, ಆ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂತು.

ಬೆಲೆಪಟ್ಟಿಯ ಗುಣ ಒಂದುಂಟು: ವಕೀಲರಿಲ್ಲದೆ ಯಾರೂ ಲೆಕ್ಕ ಹಾಕಬಹುದು. ದೋಷವನ್ನು ಕಾಣುವುದಕ್ಕೆ ನಾವು ಏಕಲವ್ಯನನ್ನು ಕರೆಯಬೇಕು. ಅವನ ಹೆಬ್ಬೆರಳಿಗೆ ಪಟ್ಟಿಯ ಪ್ರಕಾರ ಶೇಕಡ 30. ಆದರೆ ಬಿಲ್ಲುಗಾರನಾದ ಏಕಲವ್ಯನಿಗೆ ಉಳಿದದ್ದೇನು? ಬೆರಳು ಎಲ್ಲರಿಗೂ ಒಂದೇ, ಬೆರಳಿನ ಕೆಲಸ ಎಲ್ಲರಿಗೂ ಒಂದೇ ಅಲ್ಲ. ದ್ರೋಣನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅನುಸೂಚಿ ಬರೆದವರಿಗೆ ಗೊತ್ತಿದ್ದರೂ ಅದನ್ನು ಪಟ್ಟಿಯಲ್ಲಿ ಸೇರಿಸುವ ದಾರಿ ಇರಲಿಲ್ಲ.

ರಸ್ತೆ ಅಪಘಾತಗಳಿಗೆ ಬೇರೆಯ ನ್ಯಾಯಮಂಡಳಿಗಳು ಏರ್ಪಟ್ಟದ್ದು 1939ರ ಮೋಟಾರು ವಾಹನ ಕಾಯಿದೆಗೆ 1956ರಲ್ಲಿ ಆದ ತಿದ್ದುಪಡಿಯಿಂದ. ಅವು ಬಹುಕಾಲ ಊಹೆಯ ಮೇಲೆ ನಡೆದವು. ಒಂದೇ ತರಹದ ಗಾಯಕ್ಕೆ ಒಂದು ಊರಿನಲ್ಲಿ ಒಂದು ಮೊತ್ತ, ಪಕ್ಕದ ಊರಿನಲ್ಲಿ ಇನ್ನೊಂದು. ಇದನ್ನು ಒಂದು ಹದಕ್ಕೆ ತಂದದ್ದು ‘ಗುಣಕ’ ಪದ್ಧತಿ. 1942ರಲ್ಲಿ ವೇಲ್ಸಿನ ಕಲ್ಲಿದ್ದಲು ಕಂಪನಿಯೊಂದರ ಮೇಲಿನ ಮೊಕದ್ದಮೆಯಲ್ಲಿ ರೈಟ್ ಪ್ರಭು ಹೇಳಿದ ಲೆಕ್ಕವಿದು: ವರ್ಷಕ್ಕಾದ ನಷ್ಟವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುವುದು. ಮೂವತ್ತು ವರ್ಷ ದುಡಿಯುತ್ತಿದ್ದವನಿಗೆ ಮೂವತ್ತರಿಂದ ಗುಣಿಸಬಾರದೆ ಎಂದರೆ, ಮೂವತ್ತು ವರ್ಷದಲ್ಲಿ ಬರುವ ಹಣವನ್ನು ಇಂದೇ ಒಟ್ಟಿಗೆ ಕೊಟ್ಟರೆ ಬಡ್ಡಿ ಬರುತ್ತದೆ; ಮನುಷ್ಯ ಬೇರೆ ಕಾರಣದಿಂದ ಸಾಯಲೂಬಹುದು. ಆದ್ದರಿಂದ ಸಂಖ್ಯೆಯನ್ನು ಇಳಿಸುತ್ತಾರೆ.

ಈ ಪದ್ಧತಿ ನಮ್ಮ ದೇಶದಲ್ಲಿ ನೆಲೆಗೊಂಡದ್ದರಲ್ಲಿ ಕನ್ನಡನಾಡಿನ ನ್ಯಾಯಾಧೀಶರ ಕೈ ಇದೆಯೆಂಬುದು ಅನೇಕರಿಗೆ ತಿಳಿಯದು. 1993ರ ಜನವರಿಯಲ್ಲಿ ಕೇರಳದ ಸಾರಿಗೆ ನಿಗಮದ ಪ್ರಕರಣದಲ್ಲಿ ಗುಣಕವೇ ಸರಿಯಾದ ದಾರಿಯೆಂದು ಸುಪ್ರೀಂ ಕೋರ್ಟು ಹೇಳಿದಾಗ ಆ ಪೀಠದಲ್ಲಿದ್ದವರು ಎಂ. ಎನ್. ವೆಂಕಟಾಚಲಯ್ಯನವರು. ಆಮೇಲೂ ಬೇರೆ ಬೇರೆ ತೀರ್ಪುಗಳಲ್ಲಿ ಬೇರೆ ಬೇರೆ ಸಂಖ್ಯೆಗಳು ಬಂದು ಗೊಂದಲವಾಯಿತು. 2009ರ ಏಪ್ರಿಲಿನಲ್ಲಿ, ದೆಹಲಿಯ ಸಾರಿಗೆ ನಿಗಮದ ಮೇಲಿನ ಪ್ರಕರಣದಲ್ಲಿ, ಕರ್ನಾಟಕ ಹೈಕೋರ್ಟಿನಿಂದ ಮೇಲಕ್ಕೆ ಹೋಗಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು ಕೂತು ಒಂದೇ ಕೋಷ್ಟಕ ಮಾಡಿದರು. ಹದಿನೈದರಿಂದ ಇಪ್ಪತ್ತೈದು ವಯಸ್ಸಿನವರಿಗೆ 18; ಆಮೇಲೆ ಐದೈದು ವರ್ಷಕ್ಕೆ ಒಂದೊಂದು ಇಳಿದು, ನಲವತ್ತೊಂದರಿಂದ ನಲವತ್ತೈದಕ್ಕೆ 14, ನಲವತ್ತಾರರಿಂದ ಐವತ್ತಕ್ಕೆ 13; ಐವತ್ತು ದಾಟಿದರೆ ಎರಡೆರಡು ಇಳಿದು, ಅರವತ್ತಾರರಿಂದ ಎಪ್ಪತ್ತಕ್ಕೆ 5. ಮಡಿದವನು ಸಂಸಾರಿಯಾಗಿದ್ದರೆ ಅವನ ಸ್ವಂತ ಖರ್ಚೆಂದು ಮೂರನೆಯ ಒಂದು ಭಾಗವನ್ನೋ, ಅವಲಂಬಿತರು ಹೆಚ್ಚಿದ್ದರೆ ನಾಲ್ಕನೆಯ ಅಥವಾ ಐದನೆಯ ಒಂದು ಭಾಗವನ್ನೋ ಕಳೆಯಬೇಕು. ಗಾಯಗೊಂಡು ಬದುಕಿದವನಿಗೆ ಈ ಕಡಿತವಿಲ್ಲ, ಅವನು ಇನ್ನೂ ಉಣ್ಣಬೇಕಲ್ಲ!

ಏಕಲವ್ಯನ ಪ್ರಶ್ನೆಗೆ ಉತ್ತರ ಬಂದದ್ದು 2010ರ ಅಕ್ಟೋಬರಿನಲ್ಲಿ, ಅದೇ ನ್ಯಾಯಮೂರ್ತಿಗಳ ಇನ್ನೊಂದು ತೀರ್ಪಿನಲ್ಲಿ. ವೈದ್ಯರು ಹೇಳುವ ಅಂಗವೈಕಲ್ಯದ ಶೇಕಡಾವಾರು ಬೇರೆ, ಸಂಪಾದನೆಯ ನಷ್ಟದ ಶೇಕಡಾವಾರು ಬೇರೆ ಎಂಬುದು ಅದರ ತಿರುಳು. ಗಾಯವಾದ ಮೇಲೆ ಈ ಮನುಷ್ಯ ಏನೇನು ಮಾಡಬಲ್ಲ, ಏನು ಮಾಡಲಾರ. ಮೊದಲು ಅವನ ಕಸುಬೇನಿತ್ತು, ವಯಸ್ಸೆಷ್ಟು. ಅದೇ ಕಸುಬನ್ನೋ ಬೇರೊಂದನ್ನೋ ಮಾಡಿ ಬದುಕಬಲ್ಲನೋ ಇಲ್ಲವೋ. ಇಷ್ಟನ್ನು ಕೇಳಿದ ಮೇಲೆಯೇ ಗುಣಾಕಾರ. ಎಡಗೈ ಕಳೆದುಕೊಂಡ ಡ್ರೈವರನಿಗೂ ಎಡಗೈ ಕಳೆದುಕೊಂಡ ಗುಮಾಸ್ತನಿಗೂ ಒಂದೇ ಲೆಕ್ಕವಲ್ಲ. ಯಾರು ಕೇಳಿದರೂ ಪ್ರಮಾಣಪತ್ರ ಬರೆದುಕೊಡುವ ವೈದ್ಯರ ವಿಷಯದಲ್ಲಿಯೂ ಆ ತೀರ್ಪು ಕಟುವಾದ ಮಾತಾಡಿದೆ.

ಇದನ್ನು ಕಿಗ್ಗದ ಕಡೆಯ ಒಂದು ಕಸುಬಿಗೆ ಹೊಂದಿಸಿ ನೋಡೋಣ. ಅಡಕೆ ತೋಟದಲ್ಲಿ ಮರ ಹತ್ತಿ ಕೊನೆ ಕೊಯ್ಯುವವನಿಗೆ ಕೊನೆಗಾರನೆನ್ನುತ್ತಾರೆ. ಕಾಲಿಗೆ ತಳೆ ಹಾಕಿಕೊಂಡು ಮರ ಏರಿ, ಕೆಳಗಿಳಿಯದೆ ಆ ಮರದಿಂದ ಈ ಮರಕ್ಕೆ ಬಾಗಿಸಿಕೊಂಡು ದಾಟುವ ಅವನ ವಿದ್ಯೆ ಎಲ್ಲರಿಗೂ ಬರುವಂಥದಲ್ಲ. ಅಂಥ ನಲವತ್ತೆರಡು ವಯಸ್ಸಿನ ಒಬ್ಬನಿಗೆ ದಾರಿಯಲ್ಲಿ ವಾಹನ ತಗುಲಿ ಬಲಗಾಲು ಮುರಿಯಿತೆನ್ನಿ. ತಿಂಗಳಿಗೆ 12,000 ರೂಪಾಯಿ ಆದಾಯವೆಂದು ಇಟ್ಟುಕೊಳ್ಳೋಣ. ಕಾಲಿಗೆ ಶೇಕಡ 60ರ ಊನವೆಂದು ವೈದ್ಯರು ಹೇಳಿದರೆ, ಅದರ ಮೂರನೆಯ ಒಂದು ಭಾಗವನ್ನು ಇಡೀ ಶರೀರದ ಊನವೆಂದು ಹಿಡಿಯುವ ವಾಡಿಕೆ ನಮ್ಮ ರಾಜ್ಯದಲ್ಲುಂಟು. ಅಂದರೆ ಶೇಕಡ 20. ವರ್ಷಕ್ಕೆ 1,44,000, ಗುಣಕ 14, ಅದರ ಶೇಕಡ 20 ಎಂದರೆ 4,03,200 ರೂಪಾಯಿ. ಆದರೆ ಆ ಕಾಲಿನಿಂದ ಅವನು ಇನ್ನು ಮರ ಹತ್ತಲಾರನಷ್ಟೆ? ಕುಳಿತು ಅಡಕೆ ಸುಲಿಯಬಹುದು, ಅಷ್ಟೆ. ಸಂಪಾದನೆಯ ನಷ್ಟ ಶೇಕಡ 60 ಎಂದು ನ್ಯಾಯಾಧೀಶರು ಒಪ್ಪಿದರೆ ಅದೇ ಲೆಕ್ಕ 12,09,600 ಆಗುತ್ತದೆ. ಮುರಿದ ಮೂಳೆ ಅದೇ, ಗುಣಕವೂ ಅದೇ. ಎಂಟು ಲಕ್ಷದ ಅಂತರವೆಲ್ಲ ‘ಕೊನೆಗಾರ’ ಎಂಬ ಒಂದು ಮಾತು ಸಾಕ್ಷಿಯ ಹೇಳಿಕೆಯಲ್ಲಿ ಬಂತೋ, ಅಥವಾ ‘ಕೂಲಿ’ ಎಂದು ಬರೆದುಹೋಯಿತೋ ಎಂಬುದರ ಮೇಲಿದೆ. ಶಬ್ದಗಳನ್ನು ನಂಬಿ ಬದುಕುವ ನನ್ನಂಥವನಿಗೆ ಇದು ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಆದಾಯವನ್ನು ರುಜುವಾತು ಮಾಡುವುದು ಇನ್ನೊಂದು ಕಷ್ಟ. ಸಂಬಳದ ಚೀಟಿ ಇದ್ದವನಿಗೆ ಚಿಂತೆಯಿಲ್ಲ. ಇಲ್ಲದವನಿಗೆ ನ್ಯಾಯಾಲಯ ಒಂದು ‘ಕಾಲ್ಪನಿಕ ಆದಾಯ’ವನ್ನು ಕಟ್ಟಿಕೊಳ್ಳುತ್ತದೆ, ಇದಕ್ಕಾಗಿ ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ವರ್ಷವಾರು ಪಟ್ಟಿಯೊಂದುಂಟು. 2004ರಲ್ಲಿ ಗಾಯಗೊಂಡ ಕರ್ನಾಟಕದ ಒಬ್ಬ ಕೂಲಿಯಾಳು ತನಗೆ ತಿಂಗಳಿಗೆ 4,500 ರೂಪಾಯಿ ಬರುತ್ತಿತ್ತೆಂದು ಹೇಳಿದರೆ, ಕೆಳಗಿನವರು 3,000 ಎಂದರು. ಅವನು ಸುಪ್ರೀಂ ಕೋರ್ಟಿನವರೆಗೆ ಹೋದ. 2011ರಲ್ಲಿ ಆ ಕೋರ್ಟು, ಕೂಲಿಯವನು ದಾಖಲೆ ಎಲ್ಲಿಂದ ತಂದಾನು, ಅವನ ಮಾತು ಅತಿಶಯವೇನಲ್ಲ ಎಂದು 4,500ನ್ನೇ ಒಪ್ಪಿತು. 2008ರಲ್ಲಿ ಬಲಗಾಲು ಕಳೆದುಕೊಂಡ ನಮ್ಮ ರಾಜ್ಯದ ಒಬ್ಬ ತರಕಾರಿ ಮಾರುವ ಯುವಕನ ವಿಷಯದಲ್ಲಿಯೂ 2014ರ ತೀರ್ಪು ಹಾಗೆಯೇ ನಡೆಯಿತು. ಅವನಿಗೆ ತಿಂಗಳಿಗೆ 6,500 ಆದಾಯ, ಸಂಪಾದನೆಯ ನಷ್ಟ ಶೇಕಡ 85. ತರಕಾರಿಯವನು ಕಾಲಿಲ್ಲದೆಯೂ ಒಂದೆಡೆ ಕುಳಿತು ಮಾರಬಹುದಲ್ಲ ಎಂಬ ವಾದವನ್ನು ಕೇಳಿದವರಿಗೆ, ಸಂತೆಯಲ್ಲಿ ಗೋಣಿ ಹೊತ್ತವರನ್ನು ನೋಡಿದ್ದೀರಾ ಎಂದು ಕೇಳಬೇಕೆನಿಸುತ್ತದೆ.

ಏನನ್ನೂ ಸಂಪಾದಿಸದವರ ಗತಿಯೇನು? ಮನೆವಾಳ್ತೆ ನಡೆಸುವ ಗೃಹಿಣಿಯ ಸೇವೆಗೆ ಬೆಲೆ ಕಟ್ಟುವ ಪ್ರಶ್ನೆ ಜಮ್‌ಷೆಡ್‌ಪುರದ 1989ರ ಬೆಂಕಿ ಅನಾಹುತದ ಪ್ರಕರಣದಲ್ಲಿ ಬಂತು. 2001ರಲ್ಲಿ ಸುಪ್ರೀಂ ಕೋರ್ಟು ಮೂವತ್ತನಾಲ್ಕರಿಂದ ಐವತ್ತೊಂಬತ್ತು ವಯಸ್ಸಿನ ಗೃಹಿಣಿಗೆ ತಿಂಗಳಿಗೆ 3,000 ರೂಪಾಯಿ ಎಂದು ಇಟ್ಟಿತು. ಮಕ್ಕಳ ವಿಷಯದಲ್ಲಿ ಗುಣಾಕಾರವೇ ಸೋಲುತ್ತದೆ. ಕರ್ನಾಟಕದ ಹನ್ನೆರಡು ವರ್ಷದ ಒಬ್ಬ ಹುಡುಗನ ಪ್ರಕರಣದಲ್ಲಿ 2013ರ ಆಗಸ್ಟಿನಲ್ಲಿ ಕೋರ್ಟು ಆದಾಯದ ಮಾತನ್ನೇ ಬಿಟ್ಟು, ಇಡೀ ಶರೀರದ ಊನ ಶೇಕಡ 10ರವರೆಗಿದ್ದರೆ ಒಂದು ಲಕ್ಷ, 30ರವರೆಗೆ ಮೂರು, 60ರವರೆಗೆ ನಾಲ್ಕು, 90ರವರೆಗೆ ಐದು, ಮೇಲಾದರೆ ಆರು ಲಕ್ಷ ಎಂದು ಮೆಟ್ಟಿಲು ಕಟ್ಟಿತು. ಸಾಹುಕಾರನ ಮಗನಿಗೂ ಕೂಲಿಯವನ ಮಗನಿಗೂ ಒಂದೇ ಮೆಟ್ಟಿಲು. ಮಕ್ಕಳಲ್ಲಿ ಸಾಧ್ಯವಾದ ಈ ಸಮತೆ ದೊಡ್ಡವರಲ್ಲಿ ಇಲ್ಲ. ಧರ್ಮಸೂತ್ರದ ಸಾವಿರ, ನೂರು, ಹತ್ತು ಗೋವುಗಳನ್ನು ಓದಿ ನಾವು ತಲೆ ತಗ್ಗಿಸುತ್ತೇವೆ. ಇಂದು ವರ್ಣದ ಸ್ಥಾನದಲ್ಲಿ ವರಮಾನ ಕುಳಿತಿದೆ. ನಷ್ಟ ತುಂಬಿಕೊಡುವುದೇ ಉದ್ದೇಶವಾದರೆ ಹೆಚ್ಚು ಕಳೆದುಕೊಂಡವನಿಗೆ ಹೆಚ್ಚು ಕೊಡಬೇಕೆಂಬ ತರ್ಕವನ್ನು ನಾನು ತಳ್ಳಿಹಾಕಲಾರೆ. ಒಪ್ಪಿ ಸುಮ್ಮನಿರಲೂ ಆರೆ.

ಮಲೆನಾಡಿನಲ್ಲಿ ಆನೆಯೋ ಬೇರೆ ಕಾಡುಪ್ರಾಣಿಯೋ ತುಳಿದು ಕೊಂದರೆ ಸರ್ಕಾರ ಕೊಡುವ ಹಣಕ್ಕೆ ಗುಣಕವಿಲ್ಲ, ಆದಾಯದ ವಿಚಾರಣೆಯಿಲ್ಲ. ಪ್ರಾಣಕ್ಕೆ ಇಷ್ಟೆಂದು ಒಂದೇ ಮೊತ್ತ. ಹಳೆಯ ನೆತ್ತರುಗೊಡಗೆಯ ವಂಶದ್ದು ಇದು. ಮೋಟಾರು ಕಾಯಿದೆಯಲ್ಲಿಯೂ ಅದರ ಒಂದು ಎಳೆ ಉಳಿದಿದೆ. 2019ರ ತಿದ್ದುಪಡಿಯ ಪ್ರಕಾರ, ತಪ್ಪು ಯಾರದೆಂದು ಕೇಳದೆ, ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ.

ಎಲ್ಲಕ್ಕಿಂತ ಕೊನೆಯ ಬಾಬು ‘ನೋವು ಮತ್ತು ಯಾತನೆ’. ಅಂಗಡಿಯ ಬಿಲ್ಲಿನಂತೆ ತೀರ್ಪಿನಲ್ಲಿ ಒಂದರ ಕೆಳಗೊಂದು ಬರುವ ಬಾಬುಗಳಲ್ಲಿ ಇದಕ್ಕೆ ಮಾತ್ರ ರಸೀದಿ ಇಲ್ಲ, ಕೋಷ್ಟಕ ಇಲ್ಲ. ಅಪಘಾತದಲ್ಲಿ ಪೂರ್ತಿ ಅಶಕ್ತರಾದ ವಕೀಲರೊಬ್ಬರ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು, ಇಲ್ಲಿ ಸ್ವಲ್ಪ ಊಹೆ, ಸ್ವಲ್ಪ ಕಲ್ಪನೆ, ಸ್ವಲ್ಪ ಅನುಕಂಪ ಬೇಕೇ ಬೇಕಾಗುತ್ತದೆಂದು ಬಿಚ್ಚುಮನಸ್ಸಿನಿಂದ ಒಪ್ಪಿಕೊಂಡಿತು.

ಆ ಸೀಮೆಯ ಕೊನೆಗಾರನೊಬ್ಬ ಒಮ್ಮೆ ತನ್ನ ತೀರ್ಪಿನ ಇಂಗ್ಲಿಷು ಪ್ರತಿಯನ್ನು ನನ್ನಲ್ಲಿಗೆ ತಂದಿದ್ದ. ಮರದಿಂದ ಬಿದ್ದವನಲ್ಲ, ಮೂವತ್ತು ವರ್ಷ ಮರ ಹತ್ತಿ ಒಮ್ಮೆಯೂ ಬೀಳದವನು ರಸ್ತೆಯ ಪಕ್ಕದಲ್ಲಿ ನಡೆದುಹೋಗುತ್ತಿದ್ದಾಗ ಜೀಪು ತಗುಲಿತ್ತು. ನಾನು ಬಾಬುಬಾಬಾಗಿ ಓದಿ ಹೇಳಿದೆ. ಆಸ್ಪತ್ರೆಯ ಖರ್ಚು, ಓಡಾಟದ ಖರ್ಚು, ಕೆಲಸ ತಪ್ಪಿದ ತಿಂಗಳುಗಳದು, ಮುಂದಿನ ನಷ್ಟದ್ದು. ಕಸುಬು ಎಂಬಲ್ಲಿ ‘ಕೂಲಿ’ ಎಂದೇ ಇತ್ತು. ಅದನ್ನು ನಾನು ಹೇಳಿದಾಗ ಅವನು ಏನೂ ಅನ್ನಲಿಲ್ಲ.

“ಮೇಷ್ಟ್ರೇ, ನೋವಿಗೆ ಅಂತ ಏನಾದ್ರೂ ಹಾಕಿದಾರಾ?” ಎಂದ.

“ನಲವತ್ತು ಸಾವಿರ ಹಾಕಿದಾರಪ್ಪ.”

“ಅದನ್ನ ಹ್ಯಾಗೆ ಲೆಕ್ಕ ಹಾಕ್ತಾರೆ?”

ಗಾಯದ ಸ್ವರೂಪ, ಆಸ್ಪತ್ರೆಯಲ್ಲಿದ್ದ ದಿನ, ಎಷ್ಟು ಸಲ ಕುಯ್ದರು ಎಂಬುದನ್ನೆಲ್ಲ ನೋಡಿ ಒಂದು ಅಂದಾಜು ಮಾಡುತ್ತಾರೆ ಎಂದೆ. ಅವನು ಸ್ವಲ್ಪ ಹೊತ್ತು ಬೆರಳು ಮಡಿಸಿ ಏನೋ ಎಣಿಸಿದ. ಆಸ್ಪತ್ರೆಯ ದಿನಗಳಿರಬೇಕು. ಆಮೇಲೆ ಕಾಗದವನ್ನು ಮಡಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು, ಮೇಲಿನ ಕೋರ್ಟಿಗೆ ಹೋದರೆ ಆ ‘ಕೂಲಿ’ ಎಂದಿರುವುದನ್ನು ತಿದ್ದಿಸಬಹುದೇ ಎಂದು ಕೇಳಿದ. ಮೇಲ್ಮನವಿಗೆ ತೊಂಬತ್ತು ದಿನದ ಅವಧಿಯುಂಟು, ವಕೀಲರನ್ನು ಬೇಗ ಕಾಣು ಎಂದು ಹೇಳಿದೆ. ತೀರ್ಪಿನ ತಾರೀಖಿನಿಂದ ಆಗಲೇ ಎರಡು ತಿಂಗಳಾಗಿತ್ತು. ಅವನು ಮರುದಿನ ಬೆಳಗಿನ ಬಸ್ಸಿಗೇ ಹೊರಟ.